ಟೋಲ್ ಗೂಡಿನ ಹಿಂದೆ

ಬರೆದುಕೊಳ್ಳಿ, ಸಿಸ್ಟರ್ ಮಾಕು.
ಮೊದಲ ಹನ್ನೆರಡು ವಾರದ ಮಾತ್ರೆ ಸಭ್ಯಸ್ಥ.
ಬೆಳಗಿನ ಐದಕ್ಕೆ ನುಂಗಿದರೆ
ಆಶೈಮನ್ ನಿಲ್ದಾಣದಲ್ಲೇ ಎರಡು ಸಲ ಕರೆದು
ಆಮೇಲೆ ತನ್ನ ಪಾಡಿಗೆ ತಾನು.
ದಿನವಿಡೀ ಟ್ರೋಟ್ರೋ ಬಾಗಿಲಿಗೆ ಜೋತು
‘ಸರ್ಕ್ ಸರ್ಕ್ ಸರ್ಕ್’ ಎಂದು ಕೂಗಲು ಅಡ್ಡಿಯಿಲ್ಲ.
ಸಂಜೆಗೆ ಮಾತ್ರ ಹಿಂದಲೆಯಲ್ಲಿ
ಅದೇ ಹಳೆಯ ಒನಕೆ ಪೆಟ್ಟು.

ಎರಡನೆಯದು ಬೇರೆ ಜಾತಿ.
ನಿಧಾನಕ್ಕೆ ಶುರು, ಹಿಡಿದರೆ ಬಿಡುವ ಪೈಕಿಯಲ್ಲ.
ಮೋಟಾರ್‌ವೇ ಮೇಲೆ, ಇಳಿಯಲು ಜಾಗವೇ ಇಲ್ಲದಲ್ಲಿ
ಕಿಬ್ಬೊಟ್ಟೆಯೊಳಗಿಂದ ಕದ ಬಡಿಯುತ್ತದೆ.
ಖಾಲಿ ಬಿದ್ದ ಟೋಲ್ ಗೂಡಿನ ಹಿಂದೆ ನಾನು ನಿಂತರೆ
ಹದಿನಾಲ್ಕು ಜನ ಕಿಟಕಿಯಿಂದ ಬಯ್ಯುತ್ತಾರೆ,
ಒಬ್ಬ ಪಾದ್ರಿ ಗಡಿಯಾರ ನೋಡುತ್ತಾನೆ,
ಡ್ರೈವರ್ ಸೋವಾ ಹಾರ್ನ್ ಒತ್ತಿ ಹಿಡಿದು
‘ಇಪ್ಪತ್ತಾರಕ್ಕೇ ಮುದುಕನಾದೆಯೇನೋ’ ಅನ್ನುತ್ತಾನೆ.
ರಾತ್ರಿ ಮೀನಖಂಡ ಹಗ್ಗದ ಹಾಗೆ ಹುರಿಗೊಳ್ಳುತ್ತದೆ.
ನೀವು ರಕ್ತ ತೆಗೆದು ನೋಡಿ ಬಾಳೆಹಣ್ಣು ತಿನ್ನು ಅಂದಿರಿ;
ಬಾಳೆಹಣ್ಣಿನ ಬೆಲೆ ಹೇಳಲಿಲ್ಲ.

ಆದರೆ ತಲೆ ಹಗುರ. ಅದೂ ಬರೆಯಿರಿ.
ನೂರೈವತ್ತೆಂಟು ಇದ್ದದ್ದು ನೂರಿಪ್ಪತ್ತಾರು.

ಉಪ್ಪು ಬಿಟ್ಟೆಯಾ ಎಂದು ಕೇಳುವ ಜಾಗ ಬಂತು, ಅಲ್ಲವೇ?
ಸೊಂಗೋರ್ ಹಿನ್ನೀರು ಬತ್ತಿದ ತಿಂಗಳುಗಳಲ್ಲಿ
ಅಮ್ಮ ಬಗ್ಗಿ ಬಗ್ಗಿ ಬಾಚಿದ ಬಿಳುಪು
ನನ್ನ ಶಾಲೆಯ ಫೀಸು, ನನ್ನ ಮೊದಲ ಚಪ್ಪಲಿ.
ಉಪ್ಪಿನ ಋಣ ನಮ್ಮಲ್ಲಿ ಬಾಯಿಮಾತಲ್ಲ, ಲೆಕ್ಕ:
ಒಲೊಂಕಾ ಡಬ್ಬಿಗೆ ಇಷ್ಟು ಸೆಡಿ.
ಅವಳು ಕಳಿಸುವ ಕೂಬಿ ಮೀನನ್ನು
ಮೂರು ನೀರಿನಲ್ಲಿ ನೆನೆಸಿ ತಿನ್ನುತ್ತೇನೆ.
ನಾಲ್ಕನೆಯ ನೀರಿಗೆ
ಅದು ಯಾರ ಮನೆಯ ಮೀನೋ ಗೊತ್ತಾಗುವುದಿಲ್ಲ.

ಎರಡರಲ್ಲಿ ಯಾವುದು ಎಂದರೆ ಏನು ಹೇಳಲಿ?
ಅವುಗಳ ಹೆಸರು ನನಗೂ ಗೊತ್ತಿಲ್ಲ, ನಿಮಗೂ ಇಲ್ಲ,
ಎಲ್ಲೋ ಬೀರುವಿನಲ್ಲಿ ಲಕೋಟೆಯೊಂದು
ತುಟಿ ಅಂಟಿಸಿಕೊಂಡು ಕೂತಿದೆ.
ಗಾಡಿಯ ಮೇಲಿದ್ದಾಗ ಮೊದಲನೆಯದೇ ಸರಿ.
ಅಪ್ಪ ನಲವತ್ತೊಂದಕ್ಕೆ, ಉಪ್ಪಿನ ಮೂಟೆ ಹೊತ್ತವನು,
ಬಾಯಿ ಒಂದು ಕಡೆಗೆ ವಾಲಿ
ಆಡುತ್ತಿದ್ದ ಮಾತನ್ನು ಮುಗಿಸದೆ ಬಿದ್ದದ್ದು
ನೆನಪಾದ ರಾತ್ರಿ, ಎರಡನೆಯದು.
ಇಂಥದ್ದಕ್ಕೆ ನಿಮ್ಮ ಹಾಳೆಯಲ್ಲಿ ಕಾಲಂ ಇಲ್ಲ.
ಒಂದರಿಂದ ಹತ್ತರೊಳಗೆ ಅಂಕ ಕೊಡು ಎನ್ನುತ್ತೀರಿ.

ಕೊಡುತ್ತೇನೆ.
ಮೊದಲು ಈ ಪಟ್ಟಿ ಬಿಚ್ಚಿ, ಸಿಸ್ಟರ್,
ಬೇಗ.
ಪಾಯಿಖಾನೆ ಯಾವ ಕಡೆ?