ಆರುನೂರ ಅರವತ್ತೆರಡು

ನನ್ನ ಕೆಲಸ ತಣ್ಣಗಿಡುವುದು.
ಜರ್ಮೇನಿಯಂ ಹರಳುಗಳಿಗೆ ಹೊತ್ತು ಹೊತ್ತಿಗೆ
ದ್ರವ ಸಾರಜನಕ ಕುಡಿಸುವುದು,
ಹೊಗೆಯಾಡುವ ಕೊಳವೆಗೆ ಬೆರಳು ಅಂಟದ ಹಾಗೆ ನೋಡಿಕೊಳ್ಳುವುದು.
ಉಳಿದದ್ದೆಲ್ಲ ಹೆಲ್ಯಾಳ ಪಾಲು.

ಹೊರಗೆ ಯುವಾಸ್ಕುಲಾದ ಕೆರೆ ಕಲ್ಲಾಗಿದೆ.
ಸರಿರಾತ್ರಿ ಎನ್ನುವುದಕ್ಕೆ ಅರ್ಥವಿಲ್ಲ,
ಜನವರಿಯಲ್ಲಿ ರಾತ್ರಿ ಮಧ್ಯಾಹ್ನ ಮೂರಕ್ಕೇ ಬಂದು ಕೂತಿರುತ್ತದೆ.

ಮೊದಲು ಕಾಗದದ ಗಿರಣಿಯಲ್ಲಿದ್ದೆ, ಹತ್ತೊಂಬತ್ತು ವರ್ಷ.
ಓಡುವ ಹಾಳೆಯ ದಪ್ಪ ಅಳೆಯಲು ಒಂದು ಪೆಟ್ಟಿಗೆ,
ಅದರೊಳಗೆ ಕ್ರಿಪ್ಟಾನ್.
ಗಿರಣಿ ಮುಚ್ಚಿತು. ಇಲ್ಲಿಗೆ ಬಂದೆ. ಇಲ್ಲೂ ಕ್ರಿಪ್ಟಾನ್.
ಬಿಟ್ಟೆನೆಂದರೂ ಬಿಡದ ನಂಟು.
ಇಲ್ಲಿ ಅದನ್ನು ಸೈಕ್ಲೋಟ್ರಾನಿನಲ್ಲಿ ಗಿರಗಿರನೆ ತಿರುಗಿಸಿ
ಪಲ್ಲಾಡಿಯಂ ತಗಡಿಗೆ ಬಡಿಯುತ್ತಾರೆ.
ಎಷ್ಟೋ ಕೋಟಿ ಪೆಟ್ಟಿಗೆ ಒಮ್ಮೆ
ಎರಡೂ ಒಂದಾಗಿ, ಮೂರು ನ್ಯೂಟ್ರಾನ್ ಬೆವರಿ,
ಸೀಸ.

ಸೀಸ ನನಗೆ ಗೊತ್ತು ಅಂದುಕೊಂಡಿದ್ದೆ.
ಗಾಳದ ದಾರಕ್ಕೆ ಕಟ್ಟುವ ಗುಂಡು,
ಹಲ್ಲಲ್ಲಿ ಕಚ್ಚಬೇಡವೋ ಎಂದು ಅಪ್ಪ ಬೈದದ್ದು.
‘ಅದೇ,’ ಅಂದಳು ಹೆಲ್ಯಾ, ‘ಆದರೆ ನಿನ್ನ ಗುಂಡಿಗಿಂತ
ಇಪ್ಪತ್ತೆರಡು ನ್ಯೂಟ್ರಾನ್ ಕಡಿಮೆ.
ಅಷ್ಟು ಬಡತನದಲ್ಲಿ ಸಂಸಾರ ನಿಲ್ಲುವುದಿಲ್ಲ, ರೈಮೊ.
ಐದು ಸೆಕೆಂಡಿಗೆ ಅರ್ಧ ಖಾಲಿ.’

ಅಷ್ಟರಲ್ಲೇ ಅದಕ್ಕೆ ಮೂರು ಆಕಾರದ ಆಸೆಯಂತೆ.
ದುಂಡಗಿರಲೇ, ತಟ್ಟಿದ ರೈ ರೊಟ್ಟಿಯಾಗಲೇ,
ಉದ್ದಕ್ಕೆ ಎಳೆದ ಬನ್ನಾಗಲೇ?
ಮೂರಕ್ಕೂ ಖರ್ಚು ಹೆಚ್ಚುಕಡಿಮೆ ಒಂದೇ.
‘ನಿರ್ಧಾರವಾಗುವಷ್ಟರಲ್ಲಿ ಆಯಸ್ಸು ಮುಗಿಯಿತು, ಅಲ್ಲವೇ?’ ಅಂದೆ.
ಅವಳು ತಿದ್ದಿದಳು:
‘ನಿರ್ಧಾರ ಕಣ್ಣು ಮಿಟುಕಿಸುವ ಮೊದಲೇ ಆಗಿರುತ್ತದೆ,
ನಮಗೆ ತಿಳಿಯುವುದು ತಡ.’

ಇನ್ನೊಂದು ಹೇಳಿದಳು.
ಕೆಲವು ಮೆಟ್ಟಿಲುಗಳಿಂದ ಬೆಳಕು ಚೆಲ್ಲಿ ಇಳಿಯುವಂತಿಲ್ಲ,
ಸೊನ್ನೆಯಿಂದ ಸೊನ್ನೆಗೆ ಒಂಟಿ ಗಾಮಾಕ್ಕೆ ದಾರಿಯಿಲ್ಲ.
ಪಕ್ಕದ ಎಲೆಕ್ಟ್ರಾನನ್ನು ಹೊರಕ್ಕೆ ದಬ್ಬಿ
ಸದ್ದಿಲ್ಲದೆ ಇಳಿದುಬಿಡುತ್ತದೆ.
ಇದು ಮಾತ್ರ ನನಗೆ ತಕ್ಷಣ ಅರ್ಥವಾಯಿತು.
ನಮ್ಮೂರಲ್ಲಿ ಹಾಗೆ ಇಳಿದ ಗಂಡಸರು ಬಹಳ.

ನಾಲ್ಕರ ಹೊತ್ತಿಗೆ ಪರದೆಯಲ್ಲಿ ಒಂದು ಗೆರೆ ತಲೆಯೆತ್ತಿತು.
ಆರುನೂರ ಅರವತ್ತೆರಡು.
ಹೊಸ ಹುಡುಗ ವೆಸಾ ಎದ್ದು ನಿಂತ.
ಹೆಲ್ಯಾ ಕೂತೇ ಇದ್ದಳು.
‘ಸೀಸಿಯಂ ಕೂಡ ಬರುವುದು ಅಲ್ಲಿಗೇ,’ ಅಂದಳು
ನನ್ನ ಊಟದ ಡಬ್ಬಿಯನ್ನು ಓರೆಗಣ್ಣಲ್ಲಿ ನೋಡುತ್ತ.

ಡಬ್ಬಿಯಲ್ಲಿ ಅಣಬೆ ಸಾರು.
ಚೆರ್ನೋಬಿಲ್ಲಿನ ಮೋಡ ನಮ್ಮ ಕಾಡಿಗೂ ಬಂದಾಗ ನನಗೆ ಒಂಬತ್ತು.
ಅಮ್ಮ ಆ ವರ್ಷದ ಅಣಬೆಯನ್ನು ಕೊಟ್ಟಿಗೆಯ ಹಿಂದೆ ಹೂತಳು.
ಮರುವರ್ಷದ್ದನ್ನು ಎರಡು ಸಲ ಬೇಯಿಸಿ, ನೀರು ಬಸಿದು,
ಏನೂ ಹೇಳದೆ ಬಡಿಸಿದಳು.
ಮೂವತ್ತು ವರ್ಷಕ್ಕೆ ಅರ್ಧ ಎಂದು ಅದರ ಲೆಕ್ಕ.
ಕಾಡು ಇನ್ನೂ ಕೊಡುತ್ತಿದೆ, ನಾನು ಇನ್ನೂ ತಿನ್ನುತ್ತಿದ್ದೇನೆ.

ಸೋಸಲು ಒಂದು ಉಪಾಯವಿದೆ.
ಹುಟ್ಟಿದ ಬೀಜ ಹಾರಿ ಹೋಗಿ
ಸಿಲಿಕಾನಿನ ಹಾಳೆಯಲ್ಲಿ ನಾಟಿ ಅಲ್ಲೇ ಸಾಯುತ್ತದೆ,
ಸಾಯುತ್ತ ಒಂದು ಆಲ್ಫಾ ಕಕ್ಕುತ್ತದೆ.
ಆ ಸಾವಿನ ಗುರುತು ಹಿಡಿದು ಹಿಂದಕ್ಕೆ ನಡೆದು
ಹುಟ್ಟಿದ ಗಳಿಗೆಯಲ್ಲಿ ಯಾವ ಬೆಳಕು ಬಿತ್ತೆಂದು ಕೇಳಬೇಕು.
ಗೋರಿಕಲ್ಲು ಓದಿಕೊಂಡು ನಾಮಕರಣಕ್ಕೆ ಹೊರಟ ಹಾಗೆ.

ಹೆಲ್ಯಾ ಗುಂಡಿ ಒತ್ತಿದಳು.
ಗೆರೆಗಳ ಕಾಡಿಗೆ ಕಾಡೇ ಉರುಳಿತು.
ಆರುನೂರ ಅರವತ್ತೆರಡರಲ್ಲಿ
ಹನ್ನೊಂದು ಎಣಿಕೆ ನಿಂತಿದ್ದವು.
ವೆಸಾ ಗಾಜಿಗೆ ಬೆರಳಿಟ್ಟು ಎಣಿಸಿದ. ಮತ್ತೆ ಎಣಿಸಿದ.
ಹೊಸದೇನಲ್ಲ, ಹಿಂದಿನವರು ಕಂಡದ್ದೇ;
ನಮ್ಮದು ಇನ್ನಷ್ಟು ನಿಖರವಾಗಿ ಅಳೆಯುವ ಕೂಲಿ.
ಆದರೂ ಈ ಹನ್ನೊಂದು
ಈ ರಾತ್ರಿಯವು.

ಏಳನೆಯ ಹರಳು ಬಿಸಿಯಾಗುತ್ತಿದೆಯೆಂದು ಗಂಟೆ ಬಡಿಯಿತು.
ಕೈಗವಸು ಹಾಕಿಕೊಳ್ಳುತ್ತ
ಡಬ್ಬಿಯನ್ನು ವೆಸಾನ ಮುಂದಕ್ಕೆ ತಳ್ಳಿದೆ.
ಅವನು ಗೈಗರ್ ಹಿಡಿದು ನೋಡಿದ,
ಅದು ಸುಮ್ಮನೆ ಎಂದಿನಂತೆ ಟಿಕ್ ಎಂದಿತು, ತಡೆದು ಇನ್ನೊಂದು ಟಿಕ್,
ಹುಡುಗ ಚಮಚ ಕೇಳಿದ.