ಬೆನ್ನಿನ ಕಡೆ

ಕರೆಂಟು ಹೋದರೆ ಕೌಲ್ ಬಜಾರಿನ ನಮ್ಮ ಶೆಡ್ಡು
ಕಾದ ಹಂಚು.
ಬುತ್ತಿ ಹಿಡಿದು ನಾನೂ ಮಾಬುನ್ನಿಯೂ
ಗೋರಿತೋಟದ ಮುರಿದ ಕಾಂಪೌಂಡು ದಾಟುತ್ತೇವೆ.
ಅಲ್ಲಿ ಬೇವಿದೆ. ಬೇವಿನ ಕೆಳಗೆ ಅವಳಿದ್ದಾಳೆ.

ಬಿಳಿಯವಳು ಅನ್ನುವಂತಿಲ್ಲ ಈಗ.
ಸಂಡೂರಿನ ಲಾರಿಗಳು ಹಾರಿಸಿದ ಅದಿರು
ಹುಬ್ಬಿಗೆ, ತುಟಿಯ ಸಂದಿಗೆ, ಮಡಿಲಿಗೆ ಕೂತು
ಕುಂಕುಮದಂಗಡಿಯಿಂದ ಎದ್ದು ಬಂದವಳ ಹಾಗೆ.
ಬಲಗೈಗೆ ಎರಡು ಬೆರಳಿಲ್ಲ.
ಕಣ್ಣಿದೆ, ಕಣ್ಣಲ್ಲಿ ಪಾಪೆಯಿಲ್ಲ.
ಯಾವನೋ ದಂಡಿನ ಸಾಹೇಬ ಸತ್ತ ಹೆಂಡತಿಯ ಸಲುವಾಗಿ
ಹಡಗಿನಲ್ಲಿ ತರಿಸಿದ್ದಂತೆ.
ಅವಳು ಹೀಗಿದ್ದಳೇ, ಕೇಳಲು ಯಾರೂ ಉಳಿದಿಲ್ಲ.
"ಇರಾಕಿಲ್ಲ ಬಿಡು," ಅಂದಳು ಮಾಬುನ್ನಿ,
"ಬಾಣಂತನದಾಗ ಸತ್ತಾಕಿಗೆ
ಇಂಥ ಹೊಟ್ಟಿ ಎಲ್ಲಿಂದ ಬರ್ತೈತಿ?"

ನಾನು ನೋಡುವುದು ಬಟ್ಟೆ.
ಹೆಗಲಿಂದಿಳಿದು, ಎದೆಯ ಕೆಳಗೆ ಒಂದೇ ದಾರಕ್ಕೆ ಬಿಗಿದು,
ಮೊಣಕಾಲಿಗೆ ಒದ್ದೆಯ ಹಾಗೆ ಅಂಟಿ
ಪಾದದ ಮೇಲೆ ರಾಶಿ ಬಿದ್ದಿದೆ.
ಎಲ್ಲಿಯೂ ಹೊಲಿಗೆಯಿಲ್ಲ. ಕಾಜಾ ಇಲ್ಲ, ಗುಂಡಿಯಿಲ್ಲ,
ಅಂಚು ಮಡಿಸಿಲ್ಲ.
ಹದಿನೇಳು ವರ್ಷ ಜೀನ್ಸಿನ ಕಾಲು ಕೂಡಿಸಿದ ಕೈ ಇದು,
ಬಟ್ಟೆ ಸುಳ್ಳು ಹೇಳಿದರೆ ಗೊತ್ತಾಗುತ್ತದೆ.
ಇದು ಹೇಳುತ್ತಿಲ್ಲ.
ಸೊಂಟದ ಹತ್ತಿರ ನಾಲ್ಕನೇ ನೆರಿಗೆ ತಿರುಗಿಕೊಂಡಿದ್ದು
ತೂಕವೆಲ್ಲ ಎಡಗಾಲಿನ ಮೇಲಿದೆ ಅಂತಲೇ.

ಒಂದು ದಿನ ಟೇಪು ಹಿಡಿದೆ.
ಎದೆ ಮೂವತ್ನಾಲ್ಕು, ಸೊಂಟ ಮೂವತ್ತೊಂದು,
ಮುಂದಕ್ಕೆ ಹೋದಂತೆ ನಮ್ಮ ಯಾವ ಸೈಜಿಗೂ ಕೂಡದ ಅಳತೆ.
"ಈಕಿಗೆ ಪ್ಯಾಂಟು ಆಗಂಗಿಲ್ಲ ತಗಿ,"
ಮಾಬುನ್ನಿ ನಕ್ಕು, ರೊಟ್ಟಿ ನೆತ್ತಿಗೇರಿ ಕೆಮ್ಮಿದಳು.
ಉರಿಬಿಸಿಲಲ್ಲೂ ಕಲ್ಲು ತಣ್ಣಗೆ, ನುಣ್ಣಗೆ.
ಟೇಪನ್ನು ಹಿಂದಿನಿಂದ ಸುತ್ತಿ ತರುವಾಗ
ಕೈಗೆ ತರಿತರಿ ತಗುಲಿತು.

ಬಗ್ಗಿ ನೋಡಿದೆ.
ಗೋಡೆಗೆ ಒರಗಿದ್ದ ಬೆನ್ನು; ಗೋಡೆ ಬಿದ್ದು
ಎಷ್ಟು ಕಾಲವಾಯಿತೋ.
ಯಾರು ನೋಡುತ್ತಾರೆಂದು ಹಾಗೇ ಬಿಟ್ಟಿದ್ದಾನೆ.
ಉಳಿಯ ಹಲ್ಲು ಸಾಲುಸಾಲು,
ಹೊತ್ತು ಮುಳುಗುತ್ತಿತ್ತೇನೋ, ಆತುರದ ಸಾಲು.
ಒಂದು ಕಡೆ ಜಾರಿದೆ.
ಶನಿವಾರದ ಲೆಕ್ಕಕ್ಕೆ ಪೀಸು ಕಡಿಮೆ ಬಿದ್ದಾಗ
ಒಳಗಿನ ಹೊಲಿಗೆಗೆ ನಾವು ಓವರ್‌ಲಾಕ್ ಬಿಟ್ಟು
ದೂಡುತ್ತೇವಲ್ಲ, ಹಾಗೆ.
ಎಷ್ಟು ಕೊಟ್ಟರೋ ಆತನಿಗೆ, ಪೀಸಿಗೆ.

ಕಾಂಪೌಂಡಿನಾಚೆ ಮಷಿನ್ನುಗಳು ಒಮ್ಮೆಲೇ ಶುರುವಾದವು.
ಮಾಬುನ್ನಿ ಡಬ್ಬಿ ಮುಚ್ಚದೆ ಓಡಿದಳು.
ನೋಡಿದರೆ ಆ ತರಿತರಿಯ ಮೇಲೆ
ನನ್ನ ಬೆರಳು ಐದೂ, ಜೀನ್ಸಿನ ಬಣ್ಣದಲ್ಲಿ, ನೀಲಿ.
ಸೆರಗಿನಿಂದ ಒರೆಸಿದೆ.
ಕೆಂಪು ಹೋಯಿತು.