ಮೇಲಿನ ಕಂಬಿ

ಕೋಡಿಬಾಗದ ಈ ಓಣಿಯಲ್ಲಿ ಗಾಳಿಗೂ ಉಪ್ಪಿನ ನಾಲಗೆ.
ಹೊರಗಿಟ್ಟ ಸೈಕಲ್ಲು ಎರಡು ಮಳೆಗಾಲ ಬಾಳಿದರೆ ಹೆಚ್ಚು.
ಹಾಗಾಗಿ, ಉಮಾಕಾಂತ ಹರಿಕಂತ್ರರೇ,
ಕಂಬಿಯ ಮೈಗೆ ಮೂರು ಬೆರಳು ಕಾಂಕ್ರೀಟು ಹೊದಿಸಿ ಅಂದದ್ದು
ನಿಮ್ಮ ದುಡ್ಡು ಖರ್ಚು ಮಾಡಿಸುವ ಚಟಕ್ಕಲ್ಲ.
ಕಬ್ಬಿಣ ತುಕ್ಕು ಹಿಡಿದರೆ ಸುಮ್ಮನೆ ಸವೆಯುವುದಿಲ್ಲ,
ಊದಿಕೊಳ್ಳುತ್ತದೆ,
ಹೊದ್ದದ್ದನ್ನೇ ಒಡೆದು ಹೊರಗೆ ಇಣುಕುತ್ತದೆ.

ದಂಡೆಯ ಮರಳು ಪುಕ್ಕಟೆ ಎಂದಿರಿ.
ಒಂದು ಚಿಟಿಕೆ ಬಾಯಿಗಿಟ್ಟು ಉಗಿದೆ.
ಟೆಂಪೊ ಹಿಂದೆ ಹೋಯಿತು.

ಡಿಪ್ಲೊಮಾದಲ್ಲಿ ಮೂರು ವರ್ಷ ಓದಿದ್ದನ್ನು
ಆಯಿ ದಿನಾ ಬೆಳಿಗ್ಗೆ ಬೈತಖೋಲದಿಂದ ನಡೆದೇ ತೋರಿಸಿದ್ದಳು:
ಬಂಗಡೆ ಬುಟ್ಟಿಯಿಂದ ಸಿಂಬಿಗೆ, ಸಿಂಬಿಯಿಂದ ನೆತ್ತಿಗೆ,
ಕತ್ತಿಗೆ, ಬೆನ್ನಿಗೆ, ಸೊಂಟಕ್ಕೆ,
ಸೀಳು ಬಿಟ್ಟ ಹಿಮ್ಮಡಿಗೆ, ಅಲ್ಲಿಂದ ನೆಲಕ್ಕೆ.
ಭಾರ ಎಲ್ಲೂ ಕಳೆದುಹೋಗುವುದಿಲ್ಲ,
ಕೈ ಬದಲಾಗುತ್ತದೆ ಅಷ್ಟೆ.
ಬುಟ್ಟಿ ನಾಲ್ಕು ಬೆರಳು ವಾಲಿದ ದಿನ
ರಾತ್ರಿಯಿಡೀ ಅವಳಿಗೆ ಕತ್ತುನೋವು.
ಪುಸ್ತಕದಲ್ಲಿ ಅದಕ್ಕೊಂದು ದೊಡ್ಡ ಹೆಸರಿದೆ.
ಎಣ್ಣೆ ತಿಕ್ಕಿದವಳು ನಾನು,
ಹೆಸರಿಗೂ ಮೊದಲೇ ಗೊತ್ತಿತ್ತು.

ಕೆಳಗೆ ಬಲೆ ಹರಡಲು ಜಾಗ ಸಾಲದು,
ನಡುವಿನ ಕಂಬ ತೆಗೆದುಬಿಡು ಎಂದಿರಿ.
ತೆಗೆಯಬಹುದು.
ಅದು ಹೊತ್ತದ್ದನ್ನು ಯಾರ ತಲೆಗಿಡಲಿ, ಹೇಳಿ.

ಅಮದಳ್ಳಿಯ ಅಜ್ಜಿಮನೆ ದಾರಿಯಲ್ಲಿ ಹಳ್ಳಕ್ಕೊಂದು ಸಂಕ,
ಒಂದೇ ತೆಂಗಿನ ಬೊಡ್ಡೆ.
ನಡುವೆ ನಿಂತು ಕುಪ್ಪಳಿಸುತ್ತಿದ್ದೆವು.
ಬಾಗಿದಾಗ ಅದರ ಬೆನ್ನು ಹಿಂಡುತ್ತದೆ, ಹೊಟ್ಟೆ ಎಳೆಯುತ್ತದೆ,
ಸೀಳು ಬಿಟ್ಟದ್ದು ಹೊಟ್ಟೆಯಲ್ಲೇ.
ಕಾಂಕ್ರೀಟೂ ಹಾಗೆ: ಒತ್ತಿದರೆ ಬಂಡೆ, ಎಳೆದರೆ ಹಪ್ಪಳ.
ಅದಕ್ಕೇ ತೊಲೆಯ ಹೊಟ್ಟೆಯಲ್ಲಿ ಕಬ್ಬಿಣ.
ಇದು ಪುರ್ಸೊ ಮೇಸ್ತ್ರಿಗೂ ಗೊತ್ತು, ಅವನಪ್ಪನಿಗೂ ಗೊತ್ತಿತ್ತು.

ಆದರೆ ಬಾಲ್ಕನಿ
ಆಚೆ ದಡವೇ ಇಲ್ಲದ ಸಂಕ.
ತುದಿಯಲ್ಲಿ ನಿಂತರೆ ಹರಿಯುವುದು ಬೆನ್ನು.
ಅಲ್ಲಿ ಕಂಬಿ ಮೇಲಿರಬೇಕು.

ಗುರುವಾರ ಎಂಟಕ್ಕೆ ಮುಹೂರ್ತ.
ಕಾಯಿ ಒಡೆದಾಗಿತ್ತು, ಮಿಕ್ಸರ್ ಗುಡುಗುತ್ತಿತ್ತು,
ಇಪ್ಪತ್ತೆರಡು ಆಳು ಬಾಣಲೆ ಹಿಡಿದು ಸಾಲಿನಲ್ಲಿ.
ನಾನು ಮೊಣಕಾಲೂರಿ ಬಗ್ಗಿ ನೋಡಿದರೆ
ರಾತ್ರಿ ವೈರಿಂಗಿನ ಹುಡುಗರು ತುಳಿದು ಓಡಾಡಿ
ಬಾಲ್ಕನಿಯ ಮೇಲಿನ ಕಂಬಿಯೆಲ್ಲ
ಹಲಗೆಗೆ ಅಂಟಿ ಮಲಗಿದೆ.

ನಿಲ್ಲಿಸಿ, ಅಂದೆ.

ನೀವು ಗಡಿಯಾರ ನೋಡಿದಿರಿ.
ಪುರ್ಸೊ ಸದಾಶಿವಗಡದ ಮೇಲಿನ ಮೋಡ ನೋಡಿದ.
ಕಂಬಿ ಒಳಗಿದ್ದರಾಯ್ತಪ್ಪ, ಮೇಲೇನು ಕೆಳಗೇನು, ಅಂದರು ಒಬ್ಬರು.
ಬುಟ್ಟಿ ಚಂಪಾವತಿಯ ಮಗಳು ಈಗ ಮುಹೂರ್ತ ತಡೀತಾಳೆ,
ಅಂದರು ಇನ್ನೊಬ್ಬರು, ನನಗೆ ಕೇಳುವಷ್ಟು ಮೆಲ್ಲಗೆ.

ಕಂಬಿ ಕಟ್ಟುವ ಹಮ್ಮು ಗೌಡ ಏನೂ ಅನ್ನಲಿಲ್ಲ.
ಬೀಡಿ ಆರಿಸಿ ಕಿವಿಗೆ ಸಿಕ್ಕಿಸಿಕೊಂಡ.
ಮೂಲೆಯ ರಾಶಿಯಿಂದ ತುಂಡು ಕಂಬಿ ಹೆಕ್ಕಿ
ಬಗ್ಗಿಸತೊಡಗಿದ: ಪುಟ್ಟ ಪುಟ್ಟ ಕುರ್ಚಿಗಳು,
ಗೊಂಬೆಮನೆಗೆ ಮಾಡಿದಂತೆ, ನಲವತ್ತೆರಡು.
ಒಂದೊಂದರ ಮೇಲೂ ಕಂಬಿಯನ್ನು ಎತ್ತಿ ಕೂರಿಸಿದ,
ತಂತಿ ಸುತ್ತಿ ಇಕ್ಕುಳದಲ್ಲಿ ತಿರುಚಿದ.
ನಾನು ಟೇಪು ಹಿಡಿದೆ.
ಬಿಸಿಲು ನೆತ್ತಿಗೆ ಬರುತ್ತಿತ್ತು. ಹನ್ನೊಂದೂಕಾಲು.

ಸುರಿಯಿರಿ, ಅಂದೆ.

ಆಮೇಲೆ ಏನೂ ಕಾಣಲಿಲ್ಲ.
ಕುರ್ಚಿ, ಕಂಬಿ, ಜಗಳ, ಎಲ್ಲ ಬೂದುಬಣ್ಣದೊಳಗೆ.

ಈಗ ಗೋಣಿಚೀಲ ಹಾಸಿ ಬಾವಿಯ ಸಿಹಿನೀರು ಉಣಿಸುತ್ತಿದ್ದೇವೆ.
ಒಣಗಿತು ಅನ್ನಬೇಡಿ, ಅದು ಒಣಗುವುದಲ್ಲ, ಬಲಿಯುವುದು.
ಕೆಳಗಿನ ಗೂಟಗಳಿಗೆ ಇಪ್ಪತ್ತೆಂಟು ದಿನ ಕೈಹಚ್ಚಬೇಡಿ,
ಬಾಡಿಗೆಯವ ಎಷ್ಟೇ ಕೂಗಲಿ.

ಗಣಪತಿ ಮೆರವಣಿಗೆ ಬಂದಾಗ ನಿಮ್ಮ ಮನೆಯ ಹದಿನೈದು ಜನ
ಒಮ್ಮೆಲೆ ಆ ತುದಿಗೆ ಓಡುತ್ತಾರೆ, ನನಗೆ ಗೊತ್ತು.
ಅದಕ್ಕೂ ಮೊದಲು, ಗೂಟ ಬಿಚ್ಚಿದ ಸಂಜೆ,
ನಾನೊಬ್ಬಳೇ ಹೋಗಿ ಅಲ್ಲಿ ನಿಲ್ಲುತ್ತೇನೆ.
ಆಯಿಯನ್ನೂ ಕರೆತರುತ್ತೇನೆ.
ಹಿಮ್ಮಡಿಯಿಂದ ಒಮ್ಮೆ ಕುಟ್ಟಿ ನೋಡಲಿ.